ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳಿಗೆ, ಪಿಯು ಕಾಲೇಜಿನ ಕಡೆಯಿಂದ

ಎಸ್ಸೆಸ್ಸೆಲ್ಸಿ ಪಾಸಾದ ಎಲ್ಲ ಮಕ್ಕಳಿಗೂ ಅಭಿನಂದನೆಗಳು. 625ಕ್ಕೆ 625 ಅಂಕ ತೆಗೆದವರನ್ನು ಪತ್ರಿಕೆಗಳೂ, ಊರಿನ ವೃತ್ತದಲ್ಲಿ ಕಟ್ಟಿದ ಫ್ಲೆಕ್ಸುಗಳೂ, ಸಂಘ ಸಂಸ್ಥೆಗಳ ಪ್ರತಿಭಾ ಪುರಸ್ಕಾರ ಸಮಾರಂಭಗಳೂ ಹೇಗಿದ್ದರೂ ಅಭಿನಂದಿಸುತ್ತವೆ. ಆದ್ದರಿಂದ ನನ್ನ ಅಭಿನಂದನೆಯ ದೊಡ್ಡ ಪಾಲು ಮುನ್ನೂರು, ಮುನ್ನೂರೈವತ್ತರ ಆಸುಪಾಸಿನಲ್ಲಿ ನಿಂತವರಿಗೆ, ಗಣಿತ ಒಂದು ಪಾಸಾದರೆ ಸಾಕೆಂದು ಹರಕೆ ಹೊತ್ತು ಪಾಸಾದವರಿಗೆ, ತಮ್ಮ ಮನೆತನದಲ್ಲಿ ಮೊದಲ ಬಾರಿಗೆ ಹತ್ತನೆಯ ತರಗತಿಯನ್ನು ದಾಟಿದವರಿಗೆ ಸಲ್ಲಲಿ.

ಈಗಿನ ಪರೀಕ್ಷೆಯಲ್ಲಿ ಏನಿದೆ, ಎಲ್ಲರನ್ನೂ ಪಾಸು ಮಾಡಿಬಿಡುತ್ತಾರೆ ಎಂದು ಹಿರಿಯರು ಹೇಳುವುದನ್ನು ನೀವು ಕೇಳಿರುತ್ತೀರಿ. ಆ ಮಾತು 2021ರ ಮಟ್ಟಿಗೆ ಒಪ್ಪಬಹುದಾದದ್ದು. ಕೋವಿಡ್ ಕಾರಣಕ್ಕೆ ಆ ವರ್ಷ ಆರೂ ವಿಷಯಗಳ ಪರೀಕ್ಷೆಯನ್ನು ಬಹು ಆಯ್ಕೆಯ ಪ್ರಶ್ನೆಗಳಲ್ಲಿ ಎರಡೇ ದಿನಕ್ಕೆ ಮುಗಿಸಲಾಯಿತು. ಆದರೆ 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಸಿಸಿಟಿವಿ ಕ್ಯಾಮೆರಾ ಬಂದು, ವೆಬ್‌ಕಾಸ್ಟಿಂಗ್ ಮೂಲಕ ಮೇಲಿನ ಕಚೇರಿಗಳಲ್ಲಿ ಕುಳಿತವರು ನಿಗಾ ಇಡಲು ತೊಡಗಿದ ಮೇಲೆ ಏನಾಯಿತೆಂದು ಅವರು ಹೇಳುವುದಿಲ್ಲ. 2023ರಲ್ಲಿ ಶೇ 83.89 ಇದ್ದ ಫಲಿತಾಂಶ 2024ರ ಮೊದಲ ಪರೀಕ್ಷೆಯಲ್ಲಿ ಶೇ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಹೆಚ್ಚಿಸಿ ಕೊಟ್ಟ ಮೇಲೆ. ನೀವು ಆ ಕ್ಯಾಮೆರಾದ ಕೆಳಗೆ ಕುಳಿತು ಬರೆದವರು. ಅದಕ್ಕಿಂತ ಮುಖ್ಯವಾಗಿ, ಕೋವಿಡ್ ಕಾಲದಲ್ಲಿ ಪ್ರಾಥಮಿಕ ಶಾಲೆಯಲ್ಲಿದ್ದವರು. ಶಾಲೆಯ ಬಾಗಿಲು ಮುಚ್ಚಿ, 2020ರಲ್ಲಿ ಕೆಲವು ತಿಂಗಳು ವಿದ್ಯಾಗಮದ ಹೆಸರಿನಲ್ಲಿ ದೇವಸ್ಥಾನದ ಜಗುಲಿಯಲ್ಲೋ ಅರಳಿಕಟ್ಟೆಯಲ್ಲೋ ಪಾಠ ಕೇಳಿ, ಮತ್ತೆ ಅದೂ ನಿಂತುಹೋಗಿ, ಭಿನ್ನರಾಶಿಯೂ ಕಾಗುಣಿತವೂ ಅರ್ಧಕ್ಕೆ ಉಳಿದಿದ್ದ ಮಕ್ಕಳು ನೀವು. ಆ ಅರೆಕೊರೆಯನ್ನು ಹೈಸ್ಕೂಲಿನ ಮೂರು ವರ್ಷಗಳಲ್ಲಿ ತುಂಬಿಕೊಂಡು ಬಂದಿದ್ದೀರಿ ಎನ್ನುವುದು ಅಂಕಪಟ್ಟಿಯಲ್ಲಿ ಎಲ್ಲಿಯೂ ಮುದ್ರಿತವಾಗುವುದಿಲ್ಲ.

ಇಷ್ಟು ಹೇಳಿ ನಿಲ್ಲಿಸಬಹುದಿತ್ತು. ಆದರೆ ನಾನು ತಾಲ್ಲೂಕು ಕೇಂದ್ರವೊಂದರ ಪದವಿಪೂರ್ವ ಕಾಲೇಜಿನಲ್ಲಿ ಬಹಳ ವರ್ಷಗಳಿಂದ ರಸಾಯನಶಾಸ್ತ್ರ ಪಾಠ ಹೇಳುತ್ತಿರುವವಳು. ಹೈಸ್ಕೂಲುಗಳು ಸರಸ್ವತಿ ಪೂಜೆ ಮಾಡಿ, ಗುಂಪು ಫೋಟೊ ತೆಗೆಸಿ, ಸಿಹಿ ತಿನ್ನಿಸಿ ಕಳಿಸಿಕೊಟ್ಟ ಮಕ್ಕಳು ಜೂನ್ ತಿಂಗಳಲ್ಲಿ ಬಂದು ಕೂರುವುದು ನಮ್ಮ ಮುಂದೆ. ಬೀಳ್ಕೊಡುಗೆಯ ದಿನ ವೇದಿಕೆಯ ಮೇಲಿದ್ದವರು ದೊಡ್ಡ ಕನಸು ಕಾಣಿರಿ ಎಂದಿರುತ್ತಾರೆ. ಕನಸು ಕಾಣುವುದನ್ನು ಹದಿನಾರು ವರ್ಷದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂದು ನನಗೆ ಅನ್ನಿಸುತ್ತದೆ. ಆ ವೇದಿಕೆಯಿಂದ ಯಾರೂ ಹೇಳದ ಒಂದು ಸಂಗತಿ ಇದೆ. ಇದುವರೆಗೆ ನೀವು ಬಾಯಿಬಿಟ್ಟು ಕೇಳದಿದ್ದರೂ ನಿಮ್ಮ ಕೈಗೆ ಬಂದು ಸೇರುತ್ತಿದ್ದ ಎಷ್ಟೋ ಸಂಗತಿಗಳು ಹೈಸ್ಕೂಲಿಗೇ ಮುಗಿಯುತ್ತವೆ. ಇನ್ನು ಮುಂದೆ ಅವು ಕೇಳಿದವರಿಗೆ ಸಿಗುತ್ತವೆ, ಸುಮ್ಮನಿದ್ದವರಿಗೆ ಸಿಗುವುದಿಲ್ಲ. ನನ್ನ ಸಲಹೆ ಎಂದರೆ ಇಷ್ಟೇ, ಉಳಿದದ್ದೆಲ್ಲ ಇದರ ವಿವರ.

ಮೊದಲನೆಯದಾಗಿ ನಿಲ್ಲುವುದು ಊಟ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಬಿಸಿಯೂಟವಾಗಲಿ, 2013ರಿಂದ ಬಂದ ಕ್ಷೀರಭಾಗ್ಯದ ಹಾಲಾಗಲಿ, ಮೊಟ್ಟೆ, ಬಾಳೆಹಣ್ಣುಗಳಾಗಲಿ ಹತ್ತನೆಯ ತರಗತಿಯವರೆಗೆ ಮಾತ್ರ. ಪ್ರಥಮ ಪಿಯುಸಿಯ ಮೊದಲ ವಾರಗಳಲ್ಲಿ ಮಧ್ಯಾಹ್ನದ ತರಗತಿಗೆ ಹೋದರೆ ಹಳ್ಳಿಗಳಿಂದ ಬರುವ ಕೆಲವು ಮಕ್ಕಳು ಮಂಕಾಗಿ ಕೂತಿರುತ್ತಾರೆ. ವಿಚಾರಿಸಿದರೆ ಏಳು ಗಂಟೆಯ ಬಸ್ಸು ಹಿಡಿಯಬೇಕು, ಆ ಹೊತ್ತಿಗೆ ಮನೆಯಲ್ಲಿ ಒಲೆಯ ಮೇಲೆ ಎಸರೂ ಇಟ್ಟಿರುವುದಿಲ್ಲ, ಬುತ್ತಿ ಕಟ್ಟಿಕೊಂಡು ಹೋಗುವ ರೂಢಿ ಹತ್ತು ವರ್ಷಗಳಿಂದ ಮನೆಯಲ್ಲೇ ಇಲ್ಲ. ಕಾಲೇಜು ಸೇರುವುದಕ್ಕೆ ಮುಂಚೆಯೇ ಬುತ್ತಿಯ ವಿಷಯವನ್ನು ಅಮ್ಮನ ಜೊತೆ, ಅಪ್ಪನ ಜೊತೆಯೂ, ಕುಳಿತು ಮಾತಾಡಿ. ಹೊಟ್ಟೆ ಹಸಿದಾಗ ಯಾವ ಉಪನ್ಯಾಸಕರ ಪಾಠವೂ ತಲೆಗೆ ಹತ್ತುವುದಿಲ್ಲ, ನನ್ನದಂತೂ ಖಂಡಿತ ಹತ್ತುವುದಿಲ್ಲ.

ಎರಡನೆಯದಾಗಿ, ನಿಮ್ಮ ಲೆಕ್ಕ ಇಡುವವರು ಇರುವುದಿಲ್ಲ. ಹೈಸ್ಕೂಲಿನಲ್ಲಿ ನಾಲ್ಕು ದಿನ ಬಾರದಿದ್ದರೆ ಮೇಷ್ಟ್ರು ಬೈಕು ಹತ್ತಿ ಮನೆಗೇ ಬಂದಿರುತ್ತಾರೆ. ಫೆಬ್ರುವರಿ, ಮಾರ್ಚಿನಲ್ಲಿ ಬೆಳಗಿನ ಜಾವ ಫೋನು ಮಾಡಿ ಮಕ್ಕಳನ್ನು ಓದಲು ಎಬ್ಬಿಸುವ ಶಿಕ್ಷಕರೂ ನಮ್ಮಲ್ಲಿ ಇದ್ದಾರೆ. ಪಿಯು ತರಗತಿಯಲ್ಲಿ ಎಂಬತ್ತು ಜನರಿರುತ್ತಾರೆ, ಗಂಟೆಗೊಬ್ಬ ಉಪನ್ಯಾಸಕರು ಬಂದು ಹೋಗುತ್ತಾರೆ. ನಿಮ್ಮ ಹೆಸರನ್ನು ನಾವು ಕಲಿಯುವಷ್ಟರಲ್ಲಿ ಅರ್ಧವಾರ್ಷಿಕ ಪರೀಕ್ಷೆ ಬಂದಿರುತ್ತದೆ. ಹಾಜರಾತಿ ಶೇ 75ಕ್ಕಿಂತ ಕಡಿಮೆಯಾದರೆ ಪರೀಕ್ಷೆಗೆ ಕೂರುವಂತಿಲ್ಲ ಎಂಬ ನಿಯಮ ಇದೆ, ಆದರೆ ಕಡಿಮೆಯಾಗುತ್ತಿದೆ ಎಂದು ಮನೆಗೆ ಬಂದು ಹೇಳುವವರು ಇರುವುದಿಲ್ಲ. ಇದು ಉಪನ್ಯಾಸಕರ ಕಾಠಿಣ್ಯವಲ್ಲ, ವ್ಯವಸ್ಥೆ ಇರುವುದೇ ಹಾಗೆ.

ಈಗ ಕಾಗದ ಪತ್ರಗಳ ಮಾತು. ಬೀಳ್ಕೊಡುಗೆ ಭಾಷಣದಲ್ಲಿ ಇದನ್ನು ಎತ್ತಿದರೆ ಸಭೆ ಆಕಳಿಸುತ್ತದೆ, ಆದರೂ ಬರಹದಲ್ಲಿ ಬಿಡಲಾರೆ. ಅಂಕಪಟ್ಟಿ ಕೈಗೆ ಬಂದ ದಿನ ಅಂಕಗಳನ್ನು ನೋಡಿ ಮುಗಿಸಿದ ಮೇಲೆ ನಿಮ್ಮ ಹೆಸರು, ಇನಿಷಿಯಲ್, ತಂದೆ ತಾಯಿಯ ಹೆಸರು, ಹುಟ್ಟಿದ ದಿನಾಂಕ ಇವಿಷ್ಟನ್ನು ಆಧಾರ್ ಕಾರ್ಡಿನ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ಹೋಲಿಸಿ ನೋಡಿ. ಮುಂದೆ ಪಾಸ್‌ಪೋರ್ಟಿಗೂ ನೌಕರಿಗೂ ಜನ್ಮ ದಿನಾಂಕಕ್ಕೆ ಪುರಾವೆಯಾಗಿ ಎಲ್ಲರೂ ಕೇಳುವುದು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನೇ. ತಪ್ಪಿದ್ದರೆ ಈಗಲೇ ಮುಖ್ಯೋಪಾಧ್ಯಾಯರ ಮೂಲಕ ಮಂಡಳಿಗೆ ಅರ್ಜಿ ಹಾಕಿಸುವುದು ಸುಲಭ, ಹತ್ತು ವರ್ಷ ಕಳೆದ ಮೇಲೆ ಅದೇ ಕೆಲಸಕ್ಕೆ ಚಪ್ಪಲಿ ಸವೆಯುತ್ತದೆ.

ವರ್ಗಾವಣೆ ಪತ್ರದ ಜೊತೆಗೆ ವ್ಯಾಸಂಗ ಪ್ರಮಾಣಪತ್ರಗಳನ್ನೂ ಕೇಳಿ ಪಡೆಯಿರಿ. ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿದವರಿಗೆ ಸಿಇಟಿ ಮೂಲಕ ಸಿಗುವ ವೃತ್ತಿಪರ ಕೋರ್ಸುಗಳ ಸೀಟುಗಳಲ್ಲಿ ಶೇ 15ರಷ್ಟು, ಕನ್ನಡ ಮಾಧ್ಯಮದಲ್ಲೇ ಓದಿದವರಿಗೆ ಶೇ 5ರಷ್ಟು ಮೀಸಲಾತಿ ಇದೆ. ಅದಕ್ಕೆ ಬೇಕಾದ ನಮೂನೆಯಲ್ಲಿ ಮುಖ್ಯೋಪಾಧ್ಯಾಯರ ಸಹಿಯೂ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜುವೂ ಬೇಕು. ನೀವು ಎರಡು ಮೂರು ಶಾಲೆಗಳಲ್ಲಿ ಓದಿದ್ದರೆ ಪ್ರತಿ ಶಾಲೆಯಿಂದಲೂ ಬೇಕು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳವರಿಗೆ ಕಲ್ಯಾಣ ಕರ್ನಾಟಕದ ಮೀಸಲಾತಿಗೆ ಬೇಕಾದ 371ಜೆ ಪ್ರಮಾಣಪತ್ರ ಬೇರೆ. ನಾಡಕಚೇರಿಯಿಂದ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ಪಡೆದು ಅವುಗಳ ಮೇಲಿನ ಆರ್‌ಡಿ ಸಂಖ್ಯೆಯನ್ನು ಒಂದು ಕಡೆ ಬರೆದಿಟ್ಟುಕೊಳ್ಳಿ. ಎಸ್‌ಎಸ್‌ಪಿ ಜಾಲತಾಣದಲ್ಲಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವಾಗ ಮೊದಲು ಕೇಳುವುದೇ ಅದನ್ನು. ದ್ವಿತೀಯ ಪಿಯುಸಿ ಮುಗಿದು ಸಿಇಟಿ ರ‍್ಯಾಂಕು ಬಂದ ಮೇಲೆ ದಾಖಲೆ ಪರಿಶೀಲನೆಯ ಹಿಂದಿನ ದಿನ ಹಳೆಯ ಪ್ರಾಥಮಿಕ ಶಾಲೆಯ ಮುಖ್ಯ ಶಿಕ್ಷಕರನ್ನು ಹುಡುಕಿಕೊಂಡು ಓಡುವ ಅಪ್ಪಂದಿರನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಆ ಶಿಕ್ಷಕರು ಅಷ್ಟರಲ್ಲಿ ನಿವೃತ್ತರಾಗಿರುತ್ತಾರೆ, ಇಲ್ಲವೇ ಶಾಲೆಯೇ ಪಕ್ಕದ ಊರಿನ ಶಾಲೆಯೊಂದಿಗೆ ವಿಲೀನವಾಗಿರುತ್ತದೆ.

ಇದೆಲ್ಲ ಮೊಬೈಲಿನಲ್ಲೇ ಸಿಗುತ್ತದಲ್ಲ ಎನ್ನುವಿರಿ. ನಿಯಮ ಸಿಗುತ್ತದೆ. ನಿಮ್ಮ ಕಾಗದದಲ್ಲಿ ಯಾವ ಸಹಿ ಬಿಟ್ಟುಹೋಗಿದೆ ಎಂಬುದನ್ನು ಹೇಳಲು ಆ ಕಾಗದವನ್ನು ನೋಡಿದ ಮನುಷ್ಯರೇ ಬೇಕು.

ಇನ್ನು ಯಾವ ಕೋರ್ಸು ಎಂಬ ಪ್ರಶ್ನೆ. ಫಲಿತಾಂಶ ಬಂದ ಸಂಜೆಯಿಂದಲೇ ಮನೆಯಲ್ಲಿ ಮಾವ, ಚಿಕ್ಕಪ್ಪ, ಪಕ್ಕದ ಮನೆಯ ಇಂಜಿನಿಯರು ಎಲ್ಲರೂ ಇದಕ್ಕೆ ಉತ್ತರ ಹೇಳತೊಡಗುತ್ತಾರೆ. ಬಹುಪಾಲು ಉತ್ತರ ಒಂದೇ: ವಿಜ್ಞಾನ ತೆಗೆದುಕೊಂಡರೆ ಮುಂದೆ ಎಲ್ಲಿಗೆ ಬೇಕಾದರೂ ಹೋಗಬಹುದು. ಅದು ಸುಳ್ಳಲ್ಲ. ವಿಜ್ಞಾನ ಓದಿದವರು ಆಮೇಲೆ ಬಿ.ಕಾಂ., ಬಿ.ಎ. ಸೇರಬಹುದು, ಕಲಾ ವಿಭಾಗದಲ್ಲಿ ಪಿಯುಸಿ ಮಾಡಿದವರು ವೈದ್ಯಕೀಯಕ್ಕೆ ಹೋಗಲಾರರು. ಆದರೆ ಆ ಮಾತು ಅರ್ಧ ಸತ್ಯ. ಮನಸ್ಸಿಲ್ಲದೆ ಪಿಸಿಎಂಬಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ) ತೆಗೆದುಕೊಂಡು ಎರಡು ವರ್ಷ ಒದ್ದಾಡಿ, ಭೌತಶಾಸ್ತ್ರವನ್ನೋ ಗಣಿತವನ್ನೋ ಉಳಿಸಿಕೊಂಡು, ತನ್ನ ಕೈಯಲ್ಲಿ ಓದು ಆಗುವುದಿಲ್ಲ ಎಂಬ ತೀರ್ಮಾನಕ್ಕೆ ಬಂದು ಮನೆಯಲ್ಲಿ ಕೂರುವ ಮಕ್ಕಳನ್ನು ಕಂಡ ಮೇಲೆ, ಎಲ್ಲ ಬಾಗಿಲುಗಳನ್ನೂ ತೆರೆದಿಡುವ ಈ ಲೆಕ್ಕಾಚಾರದ ಮೇಲೆ ನನಗೆ ಮೊದಲಿನಷ್ಟು ಗೌರವ ಉಳಿದಿಲ್ಲ. ಇದನ್ನು ಹೇಳುತ್ತಿರುವವಳು ವಿಜ್ಞಾನದ ಉಪನ್ಯಾಸಕಿ ಎಂಬುದನ್ನೂ ಗಮನಿಸಿ.

ಕೇಳಬೇಕಾದದ್ದು ಆ ಕೆಲಸವನ್ನು ಮಾಡುತ್ತಿರುವವರನ್ನು. ನಿಮ್ಮೂರಿನ ಸರ್ಕಾರಿ ಪಾಲಿಟೆಕ್ನಿಕ್ಕಿನಲ್ಲಿ ಮೂರು ವರ್ಷದ ಡಿಪ್ಲೊಮಾ ಮಾಡಿದವರು ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ಇಂಜಿನಿಯರಿಂಗ್ ಪದವಿಯ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು ಎಂಬುದು ಎಷ್ಟೋ ಮನೆಗಳಿಗೆ ಗೊತ್ತಿಲ್ಲ. ಎರಡು ವರ್ಷದ ಐಟಿಐ ಮುಗಿಸಿದವರಿಗೆ ಡಿಪ್ಲೊಮಾದ ಎರಡನೆಯ ವರ್ಷಕ್ಕೆ ಸೇರುವ ದಾರಿ ಇದೆ. ಡೆನ್ಮಾರ್ಕಿನ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ ಈಗ ಹಲವು ಜಿಲ್ಲೆಗಳಲ್ಲಿ ಕೇಂದ್ರಗಳನ್ನು ಹೊಂದಿರುವ ಜಿಟಿಟಿಸಿಯಲ್ಲಿ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಟೂಲ್ ಆಂಡ್ ಡೈ ಮೇಕಿಂಗ್, ಅಂದರೆ ಉಪಕರಣ ಮತ್ತು ಅಚ್ಚುಗಳ ತಯಾರಿಕೆ, ಕಲಿತವರು ಯಂತ್ರದ ಮುಂದೆ ನಿಂತೇ ಓದು ಮುಗಿಸುತ್ತಾರೆ. ಮೂರು ವರ್ಷದ ಪಾಠವಾದ ಮೇಲೆ ಒಂದು ವರ್ಷ ಕಾರ್ಖಾನೆಯಲ್ಲಿ ತರಬೇತಿ. ಕೃಷಿ ವಿಶ್ವವಿದ್ಯಾಲಯಗಳ ಕೃಷಿ ಡಿಪ್ಲೊಮಾ ಇದೆ. ವಾಣಿಜ್ಯದಲ್ಲಿ ಗಣಕ ವಿಜ್ಞಾನ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರಗಳ ಸಿಇಬಿಎ, ಕಲೆಯಲ್ಲಿ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರಗಳ ಎಚ್‌ಇಪಿಎಸ್ ತೆಗೆದುಕೊಂಡವರನ್ನು ಬಡಪಾಯಿಗಳೆಂಬಂತೆ ನೋಡುವ ಚಾಳಿ ನಮ್ಮ ಊರುಗಳಲ್ಲಿ ಇನ್ನೂ ಹೋಗಿಲ್ಲ; ಐದು ವರ್ಷದ ಕಾನೂನು ಪದವಿಗೆ ಯಾವ ವಿಭಾಗದ ಪಿಯುಸಿಯಾದರೂ ನಡೆಯುತ್ತದೆ, ಇತಿಹಾಸ ಮತ್ತು ರಾಜ್ಯಶಾಸ್ತ್ರ ಚೆನ್ನಾಗಿ ಓದಿದವರು ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ ಉಳಿದವರಿಗಿಂತ ಒಂದು ಹೆಜ್ಜೆ ಮುಂದೆಯೇ ಇರುತ್ತಾರೆ.

ನೀಟ್, ಜೆಇಇ ತರಬೇತಿಯನ್ನೂ ಪಿಯುಸಿಯನ್ನೂ ಒಂದೇ ಸೂರಿನಡಿ ಕೊಡುತ್ತೇವೆಂದು ಲಕ್ಷಗಟ್ಟಲೆ ಶುಲ್ಕ ಕೇಳುವ ಕಡೆ ಹೋದಾಗ ಅಪ್ಪ ಅಮ್ಮ ಸಂಕೋಚಪಟ್ಟರೆ ನೀವೇ ಕೇಳಿ: ಕಳೆದ ವರ್ಷ ನಿಮ್ಮಲ್ಲಿ ಒಟ್ಟು ಎಷ್ಟು ಮಕ್ಕಳು ನೀಟ್ ಬರೆದರು, ಅವರಲ್ಲಿ ಎಷ್ಟು ಜನರಿಗೆ ಸರ್ಕಾರಿ ಸೀಟು ಸಿಕ್ಕಿತು? ಫ್ಲೆಕ್ಸಿನ ಮೇಲೆ ಎರಡನೆಯ ಸಂಖ್ಯೆ ಇರುತ್ತದೆ, ಮೊದಲನೆಯದು ಇರುವುದಿಲ್ಲ.

ಕನ್ನಡ ಮಾಧ್ಯಮದಲ್ಲಿ ಓದಿ ವಿಜ್ಞಾನಕ್ಕೆ ಬರುವವರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ನಾನು ಹತ್ತಿರದಿಂದ ನೋಡಿರುವುದು ಅವರನ್ನು. ಕಲಾ ಮತ್ತು ವಾಣಿಜ್ಯ ವಿಭಾಗಗಳಲ್ಲಿ ಪಿಯುಸಿಯನ್ನು ಕನ್ನಡದಲ್ಲೇ ಓದಿ ಕನ್ನಡದಲ್ಲೇ ಬರೆಯಬಹುದು. ವಿಜ್ಞಾನದಲ್ಲಿ ಪಾಠವೂ ಪುಸ್ತಕವೂ ಇಂಗ್ಲಿಷಿನಲ್ಲಿ. ರಸಾಯನಶಾಸ್ತ್ರದ ಮೊದಲ ಪಾಠದ ಮೊದಲ ಗಂಟೆಯಲ್ಲೇ ಮಾಲಿಕ್ಯೂಲ್, ಮಾಸ್, ಮೋಲ್ ಎಂಬ ಮಾತುಗಳು ಒಂದರ ಹಿಂದೆ ಒಂದು ಬಂದು ಬೀಳುತ್ತವೆ. ಅಣು, ಪರಮಾಣು, ರಾಶಿ ಎಲ್ಲವನ್ನೂ ಚೆನ್ನಾಗಿ ತಿಳಿದಿರುವ ಹುಡುಗನಿಗೆ ತಾನು ತಿಳಿದಿರುವುದನ್ನೇ ಇವರು ಹೇಳುತ್ತಿದ್ದಾರೆ ಎಂಬುದು ತಿಳಿಯುವುದಿಲ್ಲ. ಅವನು ತನಗೆ ಏನೂ ಬರುವುದಿಲ್ಲ ಎಂದುಕೊಳ್ಳುತ್ತಾನೆ. ಆಗಸ್ಟ್ ಹೊತ್ತಿಗೆ ಕೊನೆಯ ಬೆಂಚಿಗೆ ಸರಿದಿರುತ್ತಾನೆ.

ಅಂಥ ಒಬ್ಬ ಹುಡುಗ ಒಂದು ವರ್ಷ ನನ್ನ ತರಗತಿಯಲ್ಲಿದ್ದ. ಯಾವ ಪ್ರಶ್ನೆಗೂ ಬಾಯಿ ಬಿಡುತ್ತಿರಲಿಲ್ಲ. ಒಂದು ದಿನ ಮೆಗ್ನೀಸಿಯಂ ಆಮ್ಲಜನಕದಲ್ಲಿ ಉರಿಯುವ ಸಮೀಕರಣವನ್ನು ಹಲಗೆಯ ಮೇಲೆ ಬರೆದು ಸರಿದೂಗಿಸುವುದಕ್ಕೆ ಕರೆದಾಗ ಎದ್ದು ಬಂದು, ತುಟಿ ಪಿಟಕ್ಕೆನ್ನದೆ, ಎರಡೂ ಕಡೆಯ ಪರಮಾಣುಗಳನ್ನು ಬೆರಳಲ್ಲಿ ಎಣಿಸಿ ಸರಿಯಾಗಿ ಬರೆದು ಹೋಗಿ ಕೂತ. ಸಂಕೇತಗಳು ಎರಡೂ ಮಾಧ್ಯಮದಲ್ಲಿ ಒಂದೇ ಆದ್ದರಿಂದ ಅಲ್ಲಿ ಅವನಿಗೆ ಅಡ್ಡಿಯಿರಲಿಲ್ಲ. ಮಾರನೆಯ ದಿನ ವಿರಾಮದಲ್ಲಿ ಉಪನ್ಯಾಸಕರ ಕೊಠಡಿಯ ಬಾಗಿಲಲ್ಲಿ ನಿಂತು, "ಮೇಡಂ, ಒಂದು ಕೇಳಬೇಕಿತ್ತು" ಎಂದ. ಇನ್ನೂರು ಪುಟದ ನೋಟ್ ಪುಸ್ತಕದ ಕೊನೆಯ ಹಾಳೆಗಳಲ್ಲಿ ಗೆರೆ ಎಳೆದು ಎರಡು ಕಾಲಂ ಮಾಡಿಕೊಂಡಿದ್ದ. ಎಡಗಡೆ ತರಗತಿಯಲ್ಲಿ ಕಿವಿಗೆ ಬಿದ್ದ ಇಂಗ್ಲಿಷ್ ಮಾತುಗಳನ್ನು ಬಿದ್ದ ಹಾಗೆಯೇ ಕನ್ನಡ ಅಕ್ಷರದಲ್ಲಿ ಬರೆದಿದ್ದ, ಬಲಗಡೆ ಖಾಲಿ. ಕೆಲವನ್ನು ತಪ್ಪಾಗಿ ಕೇಳಿಸಿಕೊಂಡಿದ್ದ, ವ್ಯಾಲೆನ್ಸಿ ಎಂಬುದು ಬ್ಯಾಲೆನ್ಸಿ ಆಗಿತ್ತು. ಅರ್ಧ ಗಂಟೆ ಕುಳಿತು ಬಲಗಡೆಯ ಕಾಲಂ ತುಂಬಿದೆವು. ನಾನು ಇಂಗ್ಲಿಷ್ ಮಾತಿನ ಕಾಗುಣಿತ ಹೇಳಿದೆ, ಮುಕ್ಕಾಲು ಪಾಲು ಮಾತುಗಳ ಕನ್ನಡವನ್ನು ಅವನೇ ಹೇಳಿದ. ಆಮೇಲೆ ವಾರಕ್ಕೊಮ್ಮೆ ಬರತೊಡಗಿದ, ಭೌತಶಾಸ್ತ್ರದವರ ಮೇಜಿಗೂ ಹೋಗತೊಡಗಿದ. ದೀಪಾವಳಿಯ ಹೊತ್ತಿಗೆ ಪುಸ್ತಕ ತರುವುದನ್ನು ನಿಲ್ಲಿಸಿದ. ಅದರ ಅಗತ್ಯ ಉಳಿದಿರಲಿಲ್ಲ.

ಅವನಿಗಿಂತ ಬುದ್ಧಿವಂತರಾಗಿದ್ದ ಮಕ್ಕಳು ಅದೇ ತರಗತಿಯಲ್ಲಿ ಕೇಳುವುದಕ್ಕೆ ನಾಚಿಕೊಂಡು ಹಿಂದೆ ಬಿದ್ದರು. ಪಟ್ಟಣದ ಶಾಲೆಯಿಂದ ಬಂದವರು ನಗುತ್ತಾರೆ ಎಂಬ ಅಂಜಿಕೆ ಅವರದು. ನಗುವವರು ಒಂದಿಬ್ಬರು ಇರುತ್ತಾರೆ, ಇಲ್ಲವೆನ್ನುವುದಿಲ್ಲ. ಉಪನ್ಯಾಸಕರಲ್ಲೂ ಪ್ರಶ್ನೆ ಕೇಳಿದರೆ ಮುಖ ಗಂಟಿಕ್ಕುವವರು ಇದ್ದಾರೆ, ಅದನ್ನೂ ಮುಚ್ಚಿಡುವುದಿಲ್ಲ. ಅಂಥವರು ಸಿಕ್ಕಿದರೆ ಇನ್ನೊಬ್ಬರ ಬಳಿ ಹೋಗಿ ಕೇಳಿ, ದ್ವಿತೀಯ ವರ್ಷದ ಅಣ್ಣಂದಿರನ್ನೋ ಅಕ್ಕಂದಿರನ್ನೋ ಕೇಳಿ. ಈ ಬೇಸಿಗೆಯಲ್ಲಿ ಸಮಯ ಇದ್ದರೆ ನಿಮ್ಮ ಹತ್ತನೆಯ ತರಗತಿಯ ವಿಜ್ಞಾನ, ಗಣಿತ ಪುಸ್ತಕಗಳ ಇಂಗ್ಲಿಷ್ ಮಾಧ್ಯಮದ ಪ್ರತಿಯನ್ನು ಸಂಪಾದಿಸಿ, ಎರಡನ್ನೂ ಅಕ್ಕಪಕ್ಕ ಇಟ್ಟು ಓದಿ. ಪಾಠ ಗೊತ್ತಿರುವುದೇ ಆದ್ದರಿಂದ ಭಾಷೆಯೊಂದನ್ನೇ ಕಲಿತಂತಾಗುತ್ತದೆ. ಬ್ರಿಡ್ಜ್ ಕೋರ್ಸ್ ಎಂದು ಹಣ ಕೊಟ್ಟು ಕಲಿಯುವುದಕ್ಕಿಂತ ಇದು ಮೇಲು.

ಹೆಣ್ಣುಮಕ್ಕಳಿಗೆ ಪ್ರತ್ಯೇಕವಾಗಿ ಒಂದೆರಡು ಮಾತು. ಫಲಿತಾಂಶ ಚೆನ್ನಾಗಿ ಬಂದರೂ ಕಾಲೇಜು ದೂರ, ಬಸ್ಸಿನ ಖರ್ಚು, ಕಾಲ ಸರಿಯಿಲ್ಲ ಎಂಬ ಕಾರಣಗಳು ಮನೆಯಲ್ಲಿ ಏಳುತ್ತವೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಸರ್ಕಾರಿ ಬಸ್ಸಿನಲ್ಲಿ ನಿಮಗೆ ಟಿಕೆಟಿನ ಖರ್ಚಿಲ್ಲ. ಆ ಒಂದು ಕಾರಣವನ್ನು ಅಪ್ಪನ ಮುಂದೆ ಧೈರ್ಯವಾಗಿ ತಳ್ಳಿಹಾಕಬಹುದು. ದೂರವೇ ನಿಜವಾದ ತೊಡಕಾದರೆ ಸಮಾಜ ಕಲ್ಯಾಣ ಇಲಾಖೆ ಮತ್ತು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯಗಳಿಗೆ ಅರ್ಜಿ ಹಾಕಿ. ಹಾಸ್ಟೆಲಿನಲ್ಲಿ ಜಾಗ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಊಟ, ವಸತಿಗೆಂದು ವಿದ್ಯಾಸಿರಿಯ ನೆರವು ಇದೆ. ಮದುವೆಯ ಮಾತು ಎದ್ದರೆ ಸುಮ್ಮನಿರಬೇಡಿ. ಹದಿನೆಂಟು ತುಂಬದ ಹುಡುಗಿಯ ಮದುವೆ ಕರ್ನಾಟಕದಲ್ಲಿ ಕಾನೂನಿನ ಕಣ್ಣಿಗೆ ಮದುವೆಯೇ ಅಲ್ಲ. 2016ರ ರಾಜ್ಯ ತಿದ್ದುಪಡಿ ಅದನ್ನು ಮೊದಲಿನಿಂದಲೇ ಅಸಿಂಧು ಎನ್ನುತ್ತದೆ. ಹೈಸ್ಕೂಲಿನ ಮೇಡಂ ಒಬ್ಬರಿಗೆ ಹೇಳಿ, ಅಂಗನವಾಡಿ ಕಾರ್ಯಕರ್ತೆಗೆ ಹೇಳಿ, ಯಾರೂ ಇಲ್ಲದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನು ಮಾಡಿ. ಸಹಾಯ ಕೇಳಿದರೆ ಮನೆಯ ಮರ್ಯಾದೆ ಹೋಗುತ್ತದೆ ಎಂದು ನಿಮ್ಮನ್ನು ನಂಬಿಸಿರುತ್ತಾರೆ. ಕೇಳಿ ಕಾಲೇಜಿಗೆ ಬಂದ ಹುಡುಗಿಯರು ನಮ್ಮ ಬೆಂಚುಗಳ ಮೇಲೆ ಕೂತಿದ್ದಾರೆ, ಅವರ ಮನೆಗಳ ಮರ್ಯಾದೆ ಇದ್ದಲ್ಲೇ ಇದೆ.

ಈ ಸಲ ಪಾಸಾಗದವರು ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಮಾತು. 2023-24ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ; ಪೂರಕ ಪರೀಕ್ಷೆ ಎಂಬ ಹೆಸರೇ ಹೋಗಿ ಪರೀಕ್ಷೆ-2 ಎಂದಾಗಿದೆ, ಅವುಗಳಲ್ಲಿ ಯಾವುದರಲ್ಲಿ ಹೆಚ್ಚು ಅಂಕ ಬಂದಿದೆಯೋ ಅದನ್ನು ಉಳಿಸಿಕೊಳ್ಳಬಹುದು. ಎರಡನೆಯ ಪರೀಕ್ಷೆಯಲ್ಲಿ ಪಾಸಾಗಿ ತಡವಾಗಿ ಬಂದವರು ನಮ್ಮ ತರಗತಿಯಲ್ಲಿ ಉಳಿದವರ ಜೊತೆಗೇ ಕೂರುತ್ತಾರೆ, ಯಾರು ಯಾವ ಪರೀಕ್ಷೆಯಲ್ಲಿ ಪಾಸಾದರೆಂದು ನಾನು ಇದುವರೆಗೆ ನೋಡಿಲ್ಲ. ನೋಂದಣಿಯ ಕೊನೆಯ ದಿನ ಯಾವುದೆಂದು ಈವತ್ತೇ ಶಾಲೆಗೆ ಹೋಗಿ ಕೇಳಿ. ಅದು ಫಲಿತಾಂಶ ಬಂದ ಕೆಲವೇ ದಿನಗಳಲ್ಲಿ ಮುಗಿದುಹೋಗುತ್ತದೆ, ಬೇಸರದಲ್ಲಿ ಮನೆಯಲ್ಲಿ ಕೂತವರಿಗೆ ಗೊತ್ತೇ ಆಗುವುದಿಲ್ಲ.

ಮೇ ಕೊನೆಯ ವಾರ ಹೈಸ್ಕೂಲುಗಳು ಮತ್ತೆ ತೆರೆಯುತ್ತವೆ. ದಾಖಲಾತಿಯ ಗದ್ದಲ ಶುರುವಾಗುವುದಕ್ಕೆ ಮುಂಚೆ ಒಮ್ಮೆ ಹೋಗಿ ಪ್ರಮಾಣಪತ್ರಗಳಿಗೆ ಅರ್ಜಿ ಕೊಟ್ಟು, ನಿಮ್ಮನ್ನು ಚೆನ್ನಾಗಿ ಬಲ್ಲ ಶಿಕ್ಷಕರೊಬ್ಬರ ಫೋನ್ ನಂಬರ್ ಬರೆದುಕೊಂಡು ಬನ್ನಿ. ಜೂನ್‌ನಲ್ಲಿ ಕಾಲೇಜಿಗೆ ಬಂದ ಮೊದಲ ವಾರದಲ್ಲೇ ಯಾವುದಾದರೂ ಒಂದು ವಿಷಯದ ಉಪನ್ಯಾಸಕರನ್ನು ಏನಾದರೂ ಒಂದು ಪ್ರಶ್ನೆ ಕೇಳಿ, ಅದು ಎಷ್ಟು ಸಣ್ಣದಾದರೂ ಸರಿ. ನಮ್ಮ ಕಾಲೇಜಿನಲ್ಲಾದರೆ ಹನ್ನೊಂದೂಕಾಲರ ವಿರಾಮದಲ್ಲಿ ನಾವೆಲ್ಲ ಕೊಠಡಿಯಲ್ಲೇ ಇರುತ್ತೇವೆ. ಚಹಾ ಕುಡಿಯುತ್ತಿರುತ್ತೇವೆ ಎಂದು ಬಾಗಿಲಿನಿಂದಲೇ ವಾಪಸು ಹೋಗಬೇಡಿ, ಒಳಗೆ ಬನ್ನಿ.